ದುಂಡವ್ವ ನೆಟ್ಟಗೆ ಈಜಲು ಕಲಿತದ್ದು

ಮಸಗುಪ್ಪಿಯ ದುಂಡವ್ವನಿಗೆ ಈಗ ಅರವತ್ತೆಂಟು. ನೆಲದ ಮೇಲೆ ಅವಳು ಎಡಗಾಲು ಸ್ವಲ್ಪ ಎಳೆದು ನಡೆಯುತ್ತಾಳೆ. ಬಸ್ಸಿನ ಮೆಟ್ಟಿಲು ಹತ್ತಲು ಯಾರಾದರೂ ಕೈ ಕೊಡಬೇಕು. ನೀರಿಗೆ ಇಳಿದಳೆಂದರೆ ಆ ಕುಂಟು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಮುರಿಗೆಪ್ಪನ ಹೊಲದ ಬಾವಿಯಲ್ಲಿ ಅವಳು ಈಜು ಕಲಿಸಿದ ಹೆಣ್ಣುಮಕ್ಕಳು ನೂರಾ ನಲವತ್ತಮೂರು. ಈ ಲೆಕ್ಕ ನನ್ನದು, ತಪ್ಪಿಲ್ಲ. ನಾಲ್ಕನೆಯವಳು ನಾನು, ಸುಲ್ತಾನಾಬಿ. ಮದುವೆಯಾಗಿ ಈ ಊರಿಗೆ ಬಂದ ಮರುವರ್ಷ ಕಲಿತೆ. ಆಮೇಲೆ ಬಾವಿಯ ದಂಡೆಯ ಮೇಲೆ ಹಗ್ಗ ಹಿಡಿದು ಕೂಡುವ ಕೆಲಸ ನನ್ನ ಪಾಲಿಗೆ ಬಂತು. ಹೀಗಾಗಿ ನೋಡಿದ್ದನ್ನಷ್ಟೇ ಬರೆಯುತ್ತೇನೆ. ನೋಡದೆ ಇದ್ದದ್ದನ್ನು ಅವಳೇ ಹೇಳಿದ್ದಾಳೆ.

ಬಾವಿ ಗುಂಡಗಿದೆ, ಕಲ್ಲು ಕಟ್ಟಿದ್ದು. ಅಡ್ಡ ಐದು ಮಾರು, ಹಗ್ಗ ಹಾಕಿ ಅಳೆದಿದ್ದೇನೆ. ಒಂದು ಬದಿಗೆ ಗೋಡೆಯಿಂದ ಚಾಚಿದ ಹದಿನೆಂಟು ಕಲ್ಲಿನ ಮೆಟ್ಟಿಲು. ಇದನ್ನು ತೋಡಿದವನು ದುಂಡವ್ವನ ಅಪ್ಪ ಕರೆಪ್ಪ. ನೀರು ಬಿದ್ದ ದಿನ ಸಂಜೆ ಅವನು ಆರು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆಳಗೆ ಇಳಿದ. ಸೊಂಟದ ಮಟ್ಟ ನೀರಿತ್ತು. ಮಗಳನ್ನು ಅದರೊಳಗೆ ಬಿಟ್ಟು, "ಕೈಕಾಲು ಬಡಿ. ನಾಳಿ ಪೂಜಿ ಆದಮ್ಯಾಲ ಈ ನೀರು ಮುಟ್ಟಾಕ ನಮ್ಮನ್ನ ಬಿಡೂದಿಲ್ಲ. ಇವತ್ತ ಇನ್ನೂ ನಂದು," ಅಂದನಂತೆ. ಆಗ ಹಾಗಿತ್ತು. ಆದರೆ ಹೂಳು ತೆಗೆಯುವ ದಿನ ಅವರು ಬಾವಿಗೆ ಇಳಿಯಲು ಯಾರ ಅಡ್ಡಿಯೂ ಇರಲಿಲ್ಲ. ಬ್ಯಾಸಗಿಗೊಮ್ಮೆ ಐದಾರು ಬಾವಿಯ ಹೂಳು ಕರೆಪ್ಪನ ಪಾಲಿಗೆ ಬರುತ್ತಿತ್ತು. ಹಾಗೆ ದುಂಡವ್ವ ಊರಿನ ಎಲ್ಲಾ ಬಾವಿಗಳಲ್ಲಿ ಈಜಿದಳು. ಹೊಳೆಗೆ ಮಾತ್ರ ಹೋಗಲಿಲ್ಲ. ಹೊಳೆ ಗಂಡಸರದು, ಎಮ್ಮೆಗಳದು.

ಅವಳಿಗೆ ಹದಿನೇಳು ಇದ್ದಾಗ ಮುರಿಗೆಪ್ಪನ ತಂಗಿ ಕಾಶೆವ್ವ, ಒಂಬತ್ತು ವರ್ಷದವಳು, ಬಾವಿಗೆ ಬಿದ್ದಳು. ದುಂಡವ್ವ ಅದೇ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಕುಡಗೋಲು ಬಿಸಾಡಿ ಹಾರಿದಳು, ಹುಡುಗಿಯನ್ನು ಮೇಲೆ ತಂದಳು. ಕಾಶೆವ್ವನ ಅಪ್ಪ ತನ್ನ ರುಮಾಲಿನಿಂದ ಮಗಳ ತಲೆ ಒರೆಸಿದ. ಆಮೇಲೆ, "ಇಕಿಗೆ ಈಜು ಕಲಸು," ಅಂದ. ಹಾಗೆ ಕಾಶೆವ್ವ ಮೊದಲನೆಯವಳಾದಳು, ನೀರಿನ ಅಡ್ಡಿಯೂ ಅಲ್ಲಿಗೆ ಹೋಯಿತು. ಅದರ ಮೇಲೆ ಯಾರೂ ಭಾಷಣ ಮಾಡಲಿಲ್ಲ.

ಕಲಿಸುವ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು. ಗಂಡಸರು ಉಂಡು ಮಲಗುವ ಹೊತ್ತು ಅದು. ದಾರಿ ನೋಡುವವಳು ನಾನು. ಕತ್ತಾಳಿಯ ಒಣ ದಿಂಡು ಹಗುರ, ಮುಳುಗುವುದಿಲ್ಲ. ಅದಕ್ಕೆ ನಾವು ಬೆಂಡು ಅನ್ನುತ್ತೇವೆ. ಮೊದಲ ದಿನ ದುಂಡವ್ವ ನಾಲ್ಕು ಬೆಂಡು ಬೆನ್ನಿಗೆ ಕಟ್ಟುತ್ತಾಳೆ. ದಿನ ಕಳೆದಂತೆ ಮೂರು, ಎರಡು, ಒಂದು. ಕೊನೆಗೆ ಕಟ್ಟಿದಂತೆ ಮಾಡಿ ಕಟ್ಟದೆ ನೂಕುತ್ತಾಳೆ. ಸುತ್ತು ಯಾವಾಗಲೂ ಬಲಕ್ಕೆ, ಗಡಿಯಾರದ ಮುಳ್ಳು ತಿರುಗಿದ ಹಾಗೆ. ಆಗ ಗೋಡೆ, ಮೆಟ್ಟಿಲು ಎಡಗೈಗೆ ಸಿಗುತ್ತವೆ, ಒಬ್ಬರಿಗೊಬ್ಬರು ಢಿಕ್ಕಿಯಾಗುವುದಿಲ್ಲ. ಬಾವಿಯ ನಡುವೆ ಯಾರೂ ಹೋಗಕೂಡದು. "ನಡುವ ಹೋದ್ರ ಕೈಗೆ ಏನೂ ಸಿಗೂದಿಲ್ಲ," ಅನ್ನುತ್ತಾಳೆ. ಒಂದು ಸುತ್ತಿಗೆ ನಾನು ಒಂದು ಗೋವಿನಜೋಳದ ಕಾಳು ಎಡಗಡೆಯ ಡಬ್ಬಿಯಿಂದ ಬಲಗಡೆಯ ಡಬ್ಬಿಗೆ ಹಾಕುತ್ತೇನೆ. ಸಂಜೆ ಅವು ಕೋಳಿಗೆ.

ಎರಡು ವರ್ಷದ ಹಿಂದೆ ಧುಪದಾಳದ ಒಡ್ಡಿನ ಹಿನ್ನೀರಿನ ದಂಡೆಗೆ ಒಂದು ಕ್ಯಾಂಪ್ ಬಂತು. ಹದಿನೆಂಟು ಇಪ್ಪತ್ತರ ಹುಡುಗರು ಹುಡುಗಿಯರು, ಒಟ್ಟು ಹದಿನಾರು ಮಂದಿ. ಪಿಯುಸಿ ಮುಗಿಸಿದವರು, ಡಿಗ್ರಿಗೆ ಹೋಗುವ ಮುನ್ನ ಅರ್ಧ ವರ್ಷ ಓದಿಗೆ ಬಿಡುವು ಕೊಟ್ಟು ಬಂದವರು. ಡೇರೆಯಲ್ಲಿ ಮಲಗುವುದು, ಹಗ್ಗ ಕಟ್ಟಿಕೊಂಡು ಗೋಕಾಕದ ಬಂಡೆ ಹತ್ತುವುದು, ದೋಣಿ ನಡೆಸುವುದು, ಯಾರೋ ಬಿಟ್ಟುಹೋದ ಹರಕು ಬಲೆಗಳನ್ನು ನೀರಿನಿಂದ ಎಳೆದು ತೆಗೆಯುವುದು, ಹಕ್ಕಿ ಎಣಿಸುವುದು. ಪುಣೆಯಿಂದ, ಹುಬ್ಬಳ್ಳಿಯಿಂದ ಬಂದು ಹತ್ತರಗಿಯಲ್ಲಿ ಬಸ್ಸಿಳಿದು, ಬೆನ್ನಿಗೆ ತಮ್ಮಷ್ಟೇ ಎತ್ತರದ ಚೀಲ ಹೊತ್ತು ಟಂಟಂ ರಿಕ್ಷಾ ಹತ್ತುತ್ತಿದ್ದರು.

ಮುರಿಗೆಪ್ಪನಿಗೆ ಇದು ತಿಳಿಯಲೇ ಇಲ್ಲ. "ಅರ್ಧ ವರ್ಷ ಸಾಲಿ ಬಿಟ್ಟು ಹಕ್ಕಿ ಎಣಸಾಕ ಬರ್ತಾರಂದ್ರ ಏನು ಹೊಸಾದು ಐತಿ ಅದರಾಗ? ನಾನೂ ಅದನ್ನ ಮಾಡೀನಿ. ಮಾಸ್ತರು ಬಂದು ಕಿವಿ ಹಿಡಕೊಂಡು ಒಯ್ತಿದ್ರು," ಅಂದ.

ಆ ಹದಿನಾರರಲ್ಲಿ ಎರಡು ಜಾಗ ಈ ಕಡೆಯ ಮಕ್ಕಳಿಗೆ. ಒಂದು ನನ್ನ ಮೊಮ್ಮಗಳು ಗುಲ್ನಾಜಳಿಗೆ ಸಿಕ್ಕಿತು. ಅವಳು ನನ್ನ ಮಗಳ ಮಗಳು, ಹುಕ್ಕೇರಿಯವಳು. ಚಿಕ್ಕವಳಿದ್ದಾಗಿನಿಂದ ಪ್ರತಿ ಚಳಿಗಾಲ ನನ್ನ ಮನೆಗೆ ಬರುವಾಗ ಧುಪದಾಳದ ಹತ್ತಿರ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದಳು. ಹಿನ್ನೀರಿನ ನಡುವೆ ಒಂದು ನಡುಗಡ್ಡೆ, ಅದರ ಮೇಲೆ ಬೂದು ಬಣ್ಣದ ಏನೋ ಸಾಲಾಗಿ ನಿಂತಿರುತ್ತಿತ್ತು. "ನಾನಿ, ಅವು ಹಕ್ಕಿ ಏನು, ಕಲ್ಲ ಏನು?" ಎಂದು ಕೇಳುತ್ತಿದ್ದಳು. ನನಗೂ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಕೇಳಿದ್ದಾಳೆ.

ಜನವರಿಯಲ್ಲಿ ಆ ನಡುಗಡ್ಡೆಗೆ ದೋಣಿಯಲ್ಲಿ ಹೋಗಿ ಹಕ್ಕಿ ಎಣಿಸುವುದಿತ್ತು. ಆದರೆ ಕ್ಯಾಂಪಿನ ನಿಯಮ ಒಂದೇ ಮಾತಿನದು: ಈಜಲು ಬಾರದವರು ದೋಣಿ ಹತ್ತುವಂತಿಲ್ಲ. ದಂಡೆಯಿಂದ ಐವತ್ತು ಮೀಟರ್ ದೂರ ನೀರಿನಲ್ಲಿ ಒಂದು ಕೆಂಪು ಡ್ರಮ್ಮು ತೇಲಬಿಟ್ಟಿದ್ದರು. ಅದನ್ನು ಮುಟ್ಟಿ ವಾಪಸು ಬರಬೇಕು. ಎರಡು ಸಲ ಅವಕಾಶ. ತಪ್ಪಿದರೆ ಎಣಿಕೆಯ ದಿನ ದಂಡೆಯ ಮೇಲೆ ಕೂತು, ದೋಣಿಯವರು ಹೇಳಿದ ಅಂಕಿ ಬರೆದುಕೊಳ್ಳುವುದು.

ಈಜು ಕಲಿಸುವ ಶುಭಮ್ ಒಳ್ಳೆಯ ಹುಡುಗ, ಬೆಳಗಾವಿಯವನು. ಆದರೆ ಕಾಲ ಕೆಳಗೆ ರಾಡಿ, ಒಡ್ಡಿನ ಮೇಲೆ ನಿಂತು ನೋಡುವ ಮಂದಿ. ಗುಲ್ನಾಜಳ ಮೈ ಆರು ದಿನವೂ ಕಟ್ಟಿಗೆಯಂತಾಯಿತು. ಅವಳ ಗೆಳತಿ ಹುಬ್ಬಳ್ಳಿಯ ದೀಪಾಳದೂ ಅದೇ ಕಥೆ. ಹತ್ತು ದಿನ ರಜೆ ಕೇಳಿಕೊಂಡು ಇಬ್ಬರೂ ನನ್ನ ಮನೆಗೆ ಬಂದರು. ನಾನು ಅವರನ್ನು ದುಂಡವ್ವನ ಮುಂದೆ ನಿಲ್ಲಿಸಿದೆ.

"ಪರೀಕ್ಷಾ ಎಷ್ಟು ದಿನಕ್ಕ ಐತಿ?" ಎಂದು ದುಂಡವ್ವ ಕೇಳಿದಳು.

"ಹತ್ತು ದಿನಕ್ಕ, ಆಯಿ."

"ಎಂಟು ಸಾಕು. ಉಳದ ಎರಡು ದಿನ ಸುಲ್ತಾನಾಬಿ ಮಾಡಿದ ರೊಟ್ಟಿ ತಿಂದು ಮಲಕೋರಿ."

"ಇಷ್ಟು ಖಾತ್ರಿ ಹ್ಯಾಂಗ ಹೇಳ್ತೀರಿ?" ಎಂದಳು ದೀಪಾ.

"ನೂರಾ ನಲವತ್ತೊಂದು ಮಂದಿ ಹೊರಗ ಬಂದಾರ. ಒಬ್ಬಾಕಿನೂ ಒಳಗ ಉಳದಿಲ್ಲ."

ಎಂಟು ದಿನದಲ್ಲಿ ಇಬ್ಬರೂ ಮೀನಾದರು. ನೂರಾ ನಲವತ್ತೆರಡು, ನೂರಾ ನಲವತ್ತಮೂರು. ದಿನಕ್ಕೆ ಹತ್ತು ಸುತ್ತಿನಿಂದ ಅರವತ್ತರ ತನಕ ಹೋಯಿತು. ಒಟ್ಟು ಮುನ್ನೂರಾ ಹತ್ತು. ಕೊನೆಯ ದಿನ ಗುಲ್ನಾಜ ಬೆಂಡಿಲ್ಲದೆ, ಹಗ್ಗವಿಲ್ಲದೆ, ಹಾಡುತ್ತಾ ಸುತ್ತಿದಳು. ದುಂಡವ್ವ ಅವಳ ಬೆನ್ನ ಮೇಲೆ ಒಂದು ಬಡಿದು, "ನಡಿ, ನಾನೂ ಬರ್ತೀನಿ ಧುಪದಾಳಕ್ಕ. ನೋಡಿ ಕಣ್ಣು ತಂಪ ಮಾಡಕೋತೀನಿ," ಅಂದಳು.

ಪರೀಕ್ಷೆಯ ದಿನ ನಾವಿಬ್ಬರೂ ಮುದುಕಿಯರು ಡೇರೆಯ ಮುಂದೆ ಖುರ್ಚಿಯಲ್ಲಿ ಕೂತೆವು. ಚಹಾ ಕೊಟ್ಟರು. ಶುಭಮ್ ಒಂದು ದೋಣಿಯಲ್ಲಿ ಡ್ರಮ್ಮಿನ ಹತ್ತಿರ ನಿಂತ. ಗುಲ್ನಾಜ ಹೆದರಲಿಲ್ಲ. ನೀರಿಗೆ ಇಳಿದಳು, ಮುಖ ತಗ್ಗಿಸಿದಳು, ಕೈ ಬೀಸಿದಳು. ಎಂಥ ಚೆಂದದ ಕೈ ಅದು. ಹದಿನೈದು ಮೀಟರ್ ಹೋಗುವ ತನಕ ಸರಿ ಇತ್ತು. ಆಮೇಲೆ ಸ್ವಲ್ಪ ಬಲಕ್ಕೆ ವಾಲಿದಳು. ಇನ್ನೂ ಸ್ವಲ್ಪ ವಾಲಿದಳು. ಡ್ರಮ್ಮು ಅವಳ ಎಡಕ್ಕೆ ದೂರ ಉಳಿಯಿತು. ಅವಳು ಒಂದೇ ಸಮ ಕೈ ಬೀಸುತ್ತಾ, ಕಾಲು ಬಡಿಯುತ್ತಾ, ದೊಡ್ಡದೊಂದು ಕಮಾನು ತಿರುಗಿ ನಮ್ಮ ದಂಡೆಗೇ ಬಂದಳು. ಕೈಗೆ ನೆಲ ಸಿಕ್ಕ ಕೂಡಲೇ ಎದ್ದು ನಿಂತು, ಕಣ್ಣು ಒರೆಸಿಕೊಂಡು, "ಮುಟ್ಟಿದ್ನೇನ್ರಿ?" ಎಂದು ಕೇಳಿದಳು.

"ಮುಟ್ಟೀದಿ," ಅಂದ ಒಬ್ಬ ಹುಡುಗ. "ನಮ್ಮ ಚಹಾದ ಕಿಟ್ಲಿ ಮುಟ್ಟೀದಿ."

ಆಮೇಲೆ ದೀಪಾ ಇಳಿದಳು. ಅವಳೂ ಹಾಗೆಯೇ ಬಲಕ್ಕೆ ತಿರುಗಿ, ಗುಲ್ನಾಜಳಿಂದ ನಾಲ್ಕು ಹೆಜ್ಜೆ ಆಚೆ ಬಂದು ಹತ್ತಿದಳು. ಶುಭಮ್ ದೋಣಿಯಿಂದ ಕೂಗಿದ: "ಇಬ್ಬರೂ ಈಜ್ತೀರಿ, ಮಸ್ತ್ ಈಜ್ತೀರಿ. ಆದ್ರ ಬಂದಲ್ಲೇ ಹೊಂಟೀರಲ್ಲ?"

ದುಂಡವ್ವ ನಂಬಲಿಲ್ಲ. "ಹುಡುಗೀರು ಹೆದರಿ ಗಿರಕಿ ಹೊಡದಾರ. ಹೆಂಗ ಹೋಗೂದು ನಾ ತೋರಸ್ತೀನಿ," ಎಂದು ಸೀರೆ ಕಚ್ಚೆ ಹಾಕಿ ಎದ್ದಳು. ಶುಭಮ್ ಬೇಡ ಬೇಡ ಅನ್ನುವಷ್ಟರಲ್ಲಿ ನೀರಿನಲ್ಲಿದ್ದಳು. ಅವಳು ಇಳಿದದ್ದು ನೋಡಿ ಒಡ್ಡಿನ ಮೇಲಿನವರು ಕೂಡ ದಂಡೆಗೆ ಇಳಿದು ಬಂದರು. ಬಾವಿ ಬಿಟ್ಟು ಬೇರೆ ನೀರಿಗೆ ಅವಳು ಇಳಿದದ್ದು ಅದೇ ಮೊದಲು. ಅವಳಷ್ಟು ಸಲೀಸಾಗಿ ಆ ಹೊತ್ತು ಯಾರೂ ಈಜಲಿಲ್ಲ. ಅವಳಷ್ಟು ಗುಂಡಗೆ ಕೂಡ ಯಾರೂ ತಿರುಗಲಿಲ್ಲ. ಹುಡುಗಿಯರದು ಅರ್ಧ ಸುತ್ತಾಗಿದ್ದರೆ ಇವಳದು ಪೂರ್ತಿ ಸುತ್ತು. ಇಳಿದ ಕಲ್ಲಿಗೇ ಬಂದು ಕೈ ಇಟ್ಟಳು.

ಎಲ್ಲರೂ ನಕ್ಕರು. ದುಂಡವ್ವ ಮೊಣಕಾಲ ಮಟ್ಟ ನೀರಿನಲ್ಲಿ ನಿಂತು ಒಂದು ಸಲ ಡ್ರಮ್ಮು ನೋಡಿದಳು, ಒಂದು ಸಲ ತನ್ನ ಕೈ ನೋಡಿದಳು. ನಗಲಿಲ್ಲ. ಗುಲ್ನಾಜ ಟವೆಲ್ಲು ಹೊದ್ದು ತಲೆ ತಗ್ಗಿಸಿ ಕೂತಿದ್ದಳು. ಅವಳಿಗೆ ಉಳಿದದ್ದು ಒಂದೇ ಅವಕಾಶ, ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ.

ವಾಪಸು ಬಸ್ಸಿನಲ್ಲಿ ನಾನು ಹೇಳಿದೆ: "ದುಂಡಿ, ಮುನ್ನೂರಾ ಹತ್ತು ಸುತ್ತು. ಎಲ್ಲಾ ಬಲಕ್ಕ."

"ಅದನ್ನ ಎಣಿಸಿ ಕುಂತಿದ್ದಿ. ಒಂದು ಮಾತು ಆಗಲೇ ಹೇಳಾಕ ಏನಾಗಿತ್ತು?"

"ನನಗೇನು ಗೊತ್ತು. ನಾನೂ ಅಲ್ಲೇ ಕಲತಾಕಿ."

ಗೋಕಾಕ ಬರುವ ತನಕ ಅವಳು ಸೆರಗಿನ ಅಂಚು ಹೊಸೆಯುತ್ತಾ ಕೂತಳು. ಗೋಕಾಕದಲ್ಲಿ, "ಹುರಿ ಬಿಗಿ ಆದ್ರ ಉಲ್ಟಾ ತಿರುವಬೇಕು. ನಾಳಿಂದ ಎಡಕ್ಕ ಸುತ್ತಸೂಣು," ಅಂದಳು.

ಹುಡುಗಿಯರು ಮತ್ತೆ ರಜೆ ಕೇಳಿಕೊಂಡು ಬಂದರು. ಮೂರು ದಿನ ಎಡಕ್ಕೆ ಸುತ್ತಿಸಿದಳು. ನೂರಾ ಇಪ್ಪತ್ತು ಕಾಳು. ಅವಳಿಗೇ ಅದು ಕಷ್ಟವಾಯಿತು. ಐವತ್ತು ವರ್ಷದ ಅಭ್ಯಾಸ, ಎಡಗೈ ಗೋಡೆ ಹುಡುಕುತ್ತಿತ್ತು, ಗೋಡೆ ಬಲಕ್ಕಿತ್ತು. ಎರಡು ಸಲ ಮೆಟ್ಟಿಲಿಗೆ ಹಣೆ ಬಡಿದುಕೊಂಡಳು. ನಾಲ್ಕನೆಯ ದಿನ ಹುಡುಗಿಯರು ಧುಪದಾಳಕ್ಕೆ ಹೋಗಿ ಸುಮ್ಮನೆ ಒಂದು ಸಲ ಈಜಿ ನೋಡಿಬಂದರು. ಸಂಜೆ ಗುಲ್ನಾಜ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ಹೇಳಿದಳು: "ನಾನಿ, ಈಗ ಎಡಕ್ಕ ಹೊಂಟೇವಿ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. "ನಗಬ್ಯಾಡ ನಾನಿ. ದಂಡೀ ಮ್ಯಾಲ ಕುಂತು ದೂರದಿಂದ ನೋಡೂದಾದ್ರ ಬಸ್ಸಿನ ಕಿಟಕಿನೇ ಇತ್ತಲ್ಲ ನನಗ," ಅಂದಳು. ಆ ಮಾತು ನಾನು ದುಂಡವ್ವನಿಗೆ ಹಾಗೆಯೇ ಮುಟ್ಟಿಸಿದೆ. ಅವಳು ಕೇಳಿಸಿಕೊಂಡು ಕೈಯಲ್ಲಿದ್ದ ರೊಟ್ಟಿ ತಾಟಿಗೆ ಇಟ್ಟಳು.

ಮರುದಿನ ನಾವು ಬಾವಿಗೆ ಹೊರಟಾಗ ಮುರಿಗೆಪ್ಪ ಕಬ್ಬು ನಾಟಿಗೆ ಎತ್ತು ಹೂಡಿ ಸಾಲು ಬಿಡುತ್ತಿದ್ದ. ಹೊಲದ ಈ ಬದುವಿನಿಂದ ಆ ಬದುವಿಗೆ ದಾರ ಹಿಡಿದಂತೆ ಸಾಲು. ದುಂಡವ್ವ ಆ ಹೊಲದಲ್ಲಿ ಐವತ್ತು ವರ್ಷ ಕಬ್ಬು ಹಚ್ಚಿದವಳು. ಆವತ್ತು ಮೊದಲ ಸಲ ನೋಡುವಂತೆ ನಿಂತುಬಿಟ್ಟಳು.

"ಮುರಿಗೆಪ್ಪಾ, ಸಾಲು ಹೊಡಿಯೂವಾಗ ಎಲ್ಲಿ ನೋಡ್ತೀ ನೀ?"

"ಆ ಬದುವಿನ ಬೇವಿನ ಗಿಡಾ ನೋಡ್ತೀನಿ."

"ಎತ್ತು ನೋಡೂದಿಲ್ಲಾ?"

"ಎತ್ತಿನ ಬಾಲ ನೋಡಿ ಹೊಡದ್ರ ಸಾಲು ನಿಮ್ಮ ಮನಿ ಅಡಗಿ ಕ್ವಾಣ್ಯಾಗ ಬಂದು ನಿಂದರ್ತೈತಿ. ಯಾಕ, ಈ ವಯಸ್ಸಿನ್ಯಾಗ ಗಳೇ ಹೊಡಿಯಾಕ ಹೊಂಟೀ?"

"ಹೂಂ. ನೀರಾಗ ಹೊಡಿಯಾಕ," ಅಂದು ಅವಳು ಕಾಲೆಳೆಯುತ್ತಾ ಜೋರಾಗಿ ನಡೆದಳು. ನಾನು ಹಿಂದೆ ಉಳಿದೆ.

ಬಾವಿಯ ದಂಡೆಗೆ ಬಂದು ಅವಳು ಬಹಳ ಹೊತ್ತು ಕೆಳಗೆ ನೋಡಿದಳು. ಆಮೇಲೆ ಹೇಳಿದಳು: ಸುತ್ತುವವರಿಗೆ ನೋಡಲು ಏನೂ ಇಲ್ಲ, ಬರೀ ಪಕ್ಕದ ಗೋಡೆ. ನೆಟ್ಟಗೆ ಹೋಗಬೇಕಾದರೆ ಎದುರಿಗೆ ಒಂದು ಗುರುತು ಬೇಕು. ಗುರುತಿಗೆ ಹೋಗಬೇಕಾದರೆ ಬಾವಿಯ ನಡುವೆಯೇ ಹಾಯಬೇಕು.

"ನಡುವ ಯಾರೂ ಹೋಗಬಾರದು ಅಂದಾಕಿ ನೀನ," ಅಂದೆ. "ನೀನರ ಯಾವಾಗರ ಹೋಗೀದೇನು?"

"ಒಮ್ಮೆ ಹೋಗೀನಿ. ಕಾಶೆವ್ವ ಬಿದ್ದಾಗ. ನಡುವನೇ ಇದ್ಳು." ಆ ಜಾಗವನ್ನು ಬೆರಳಿನಿಂದ ತೋರಿಸಿದಳು: "ಆವತ್ತ ನೆಟ್ಟಗನ ಹೋಗೀನಿ ನಾ. ಅಕಿ ಜಡಿಗೆ ಕೆಂಪು ರಿಬ್ಬನ್ ಇತ್ತು. ಅದೊಂದ ಕಾಣಸ್ತಿತ್ತು."

ನಾನು ಮನೆಗೆ ಹೋಗಿ ಕೆಂಪು ಬಟ್ಟೆ ಹುಡುಕಿದೆ. ಗುಲ್ನಾಜಳದೇ ಒಂದು ಹಳೆಯ ದುಪಟ್ಟಾ ಸಿಕ್ಕಿತು. ಮೆಟ್ಟಿಲಿನ ಎದುರಿನ ಗೋಡೆಯ ಸಂದಿನಲ್ಲಿ ಒಂದು ಕಡ್ಡಿ ಸಿಗಿಸಿ ಅದನ್ನು ಇಳಿಬಿಟ್ಟೆವು. ಎಂಟು ಕೈ ಬೀಸುವುದು, ತಲೆ ಎತ್ತಿ ಕೆಂಪು ನೋಡುವುದು, ಮತ್ತೆ ಎಂಟು. ಹಾಗೆ ಹೇಳಿಕೊಟ್ಟಳು. ಆದರೆ ಮೊದಲು ತಾನು ಇಳಿದಳು. ಮೆಟ್ಟಿಲು ಬಿಟ್ಟು ನಡುವೆ ಬಂದಾಗ ಅವಳ ಎಡಗೈ ಒಂದು ಸಲ ಗೋಡೆಯ ಕಡೆ ಚಾಚಿತು. ಗೋಡೆ ಇರಲಿಲ್ಲ. ಕೈ ಹಿಂದಕ್ಕೆ ತಂದಳು, ತಲೆ ಎತ್ತಿದಳು, ದುಪಟ್ಟಾದ ಅಂಚು ಹಿಡಿದು ನಿಂತಳು. ಮೇಲಿನಿಂದ ನೋಡಿದ ನಾನು ಹೇಳುತ್ತೇನೆ, ಗೆರೆ ನೆಟ್ಟಗಿತ್ತು.

ಭಾನುವಾರದ ತನಕ ಒಬ್ಬೊಬ್ಬಳು ಬಾವಿಯನ್ನು ಅಡ್ಡ ಹಾದದ್ದು ಇನ್ನೂರಾ ನಲವತ್ತು ಸಲ. ಆ ವಾರ ನನ್ನ ಕೋಳಿಗಳು ದಪ್ಪವಾದವು.

ಭಾನುವಾರ ಗಾಳಿ ಇತ್ತು, ನೀರಿನ ಮೇಲೆ ಸಣ್ಣ ತೆರೆ ಏಳುತ್ತಿತ್ತು. ಗುಲ್ನಾಜ ಇಳಿದಳು. ಎಂಟು ಕೈ, ತಲೆ ಎತ್ತಿದಳು. ಎಂಟು ಕೈ, ತಲೆ ಎತ್ತಿದಳು. ನಡುವೆ ಒಮ್ಮೆ ಹಳೆಯ ರೂಢಿಗೆ ಬಲಕ್ಕೆ ವಾಲಿದಳು. ದುಂಡವ್ವ ನನ್ನ ತೋಳು ಹಿಡಿದಳು. ಅವಳ ಉಗುರಿನ ಗುರುತು ಸಂಜೆಯ ತನಕ ಇತ್ತು. ಗುಲ್ನಾಜ ತಲೆ ಎತ್ತಿದಳು, ಡ್ರಮ್ಮು ನೋಡಿದಳು, ದಿಕ್ಕು ತಿದ್ದಿಕೊಂಡಳು. ಅಂಗೈಯಿಂದ ಡ್ರಮ್ಮಿಗೆ ಹೊಡೆದ ಸಪ್ಪಳ ದಂಡೆಯ ತನಕ ಕೇಳಿಸಿತು. ಬರುವಾಗ ಚಹಾದ ಕಿಟ್ಲಿಯನ್ನೇ ಗುರುತು ಮಾಡಿಕೊಂಡು ಬಂದಳು. ಅವಳ ಹಿಂದೆ ದೀಪಾ ಕೂಡ ಹೋಗಿ ಬಂದಳು.

ಶುಭಮ್ ಹೆಸರಿನ ಮುಂದೆ ಗೀಟು ಹಾಕಿಕೊಂಡು, "ಆಯಿ, ನೀವೂ ಬರ್ತೀರೇನು? ಮಾಸ್ತರಿಗೆ ಒಂದು ಸೀಟು ಕೊಡತೇವಿ, ಆದ್ರ ನಿಯಮ ನಿಯಮನೇ," ಎಂದು ಕೇಳಿದ.

ದುಂಡವ್ವ ಹೋದಳು. ಡ್ರಮ್ಮನ್ನು ಮುಟ್ಟಿದ್ದಷ್ಟೇ ಅಲ್ಲ, ಬಾಗಿಲು ಬಡಿದಂತೆ ಗೆಣ್ಣಿನಿಂದ ಎರಡು ಸಲ ಬಡಿದು ಬಂದಳು.

ಜನವರಿಯ ಎಣಿಕೆಗೆ ದೋಣಿ ಹೊರಟಾಗ ಮುಂದಿನ ಹಲಗೆಯ ಮೇಲೆ ಗುಲ್ನಾಜ, ಅವಳ ಹಿಂದೆ ಕಿತ್ತಳೆ ಬಣ್ಣದ ತೇಲಿಸುವ ಅಂಗಿ ತೊಟ್ಟ ದುಂಡವ್ವ. "ಈ ಅಂಗಿ ಯಾಕ? ಬೆಂಡು ಕಟ್ಟಿದಂಗ ಆತು. ನಾ ಏನು ಮೊದಲನೇ ದಿನದಾಕಿ ಏನು?" ಎಂದು ತಕರಾರು ಮಾಡಿಯೇ ಹತ್ತಿದ್ದಳು. ನಾನು ದಂಡೆಯಲ್ಲಿ ಉಳಿದೆ. ನಾನು ನಾಲ್ಕನೆಯವಳು, ನನಗೂ ಬಲಕ್ಕೇ ತಿರುಗಲು ಬರುತ್ತಿತ್ತು. ನಡುಗಡ್ಡೆಯ ಬೂದು ಸಾಲು ಕಲ್ಲಲ್ಲ. ಬೂದು ಮೈ, ಕಪ್ಪು ಕುತ್ತಿಗೆ, ಕಣ್ಣ ಹಿಂದೆ ಬಿಳಿ ಗರಿಯ ಕುಚ್ಚು, ಬಹಳ ದೂರದ ದೇಶದಿಂದ ಚಳಿಗಾಲ ಕಳೆಯಲು ಬರುವ ಕ್ರೌಂಚ ಹಕ್ಕಿಗಳು. ಗುಲ್ನಾಜಳ ಎಣಿಕೆ ನೂರಾ ಎಂಬತ್ತಾರು. ದುಂಡವ್ವನದು ನೂರಾ ಎಂಬತ್ತೇಳು. ಒಂದು ಮರಿ ತಾಯಿಯ ಹಿಂದೆ ನಿಂತಿತ್ತು, ಅದನ್ನು ಹುಡುಗಿ ಬಿಟ್ಟಿದ್ದಳು. ತಿರುಗಿ ಹೋಗಿ ನೋಡಿದರು. ದುಂಡವ್ವನ ಅಂಕಿಯನ್ನೇ ಬರೆದುಕೊಂಡರು.

ದಂಡೆಗೆ ಇಳಿದ ಕೂಡಲೇ ಅವಳು ಹಕ್ಕಿಯ ಸುದ್ದಿ ಹೇಳಲಿಲ್ಲ. "ಉಳದ ನೂರಾ ನಲವತ್ತೊಂದು ಮಂದೀದು ಏನು ಮಾಡೂದು?" ಅಂದಳು.

ಆ ಬ್ಯಾಸಗಿಯಲ್ಲಿ ಗುಲ್ನಾಜ ತನ್ನ ಫೋನಿನಿಂದ ಸಿಕ್ಕವರಿಗೆಲ್ಲಾ ಸುದ್ದಿ ಕಳಿಸಿದಳು. ದುಂಡವ್ವ ಹೇಳಿದ ಮಾತನ್ನೇ ಬರೆದಿದ್ದಳು: ಕಲಿಸಿದ್ದು ಅರ್ಧ ಉಳಿದಿದೆ, ಬಂದು ಹೋಗಿರಿ. ಮೂಡಲಗಿಯಿಂದ, ಹುಕ್ಕೇರಿಯಿಂದ ಬಂದರು. ದಂಡೆಯ ಮೇಲೆ ಕೂತು ನೋಡಲು ಸೊಸೆಯಂದಿರನ್ನು ಕರೆದುಕೊಂಡು ಬಂದರು. ಹಳಬರಲ್ಲಿ ಇಲ್ಲಿಯ ತನಕ ಮೂವತ್ತೆಂಟು ಮಂದಿ ನೆಟ್ಟಗೆ ಹಾದದ್ದು ಆಗಿದೆ. ಎಲ್ಲರಿಗಿಂತ ಮೊದಲು ಬಂದವಳು ಕಾಶೆವ್ವ. ಮದುವೆಯಾಗಿ ಗೋಕಾಕಕ್ಕೆ ಹೋದವಳು, ಮೊಮ್ಮಕ್ಕಳಿದ್ದಾರೆ, ಕೈಯಲ್ಲಿ ಕರದಂಟಿನ ಡಬ್ಬಿ ಇತ್ತು. ಬಾವಿಯೊಳಗೆ ಇಣುಕಿ ನೋಡಿ, "ದುಂಡಕ್ಕಾ, ನಡುವ ನಾ ಹೋಗೂದಿಲ್ಲವಾ. ಒಮ್ಮೆ ಹೋಗಿ ಬಂದೀನಿ," ಅಂದಳು.

"ಆವಾಗ ನಾ ನಿನ್ನ ರಿಬ್ಬನ್ ನೋಡಿ ಬಂದೆ. ಈಗ ನೀ ಈ ದುಪಟ್ಟಾ ನೋಡಿ ಬಾ," ಎಂದು ದುಂಡವ್ವ ಎದುರಿನ ಗೋಡೆಗೆ ಹೋಗಿ ನಿಂತಳು. ಕಾಶೆವ್ವ ಬಂದಳು. ಎರಡು ಸಲ ಬೈದು, ಮೂರನೆಯ ಸಲ ನಕ್ಕು, ಬಂದಳು.

ಅವಳು ಮೇಲೆ ಹತ್ತಿದ ಮೇಲೆ ದುಂಡವ್ವ ಕೆಳಗಿನಿಂದ ನನ್ನ ಕಡೆ ನೋಡಿದಳು. "ಸುಲ್ತಾನಾಬಿ, ನಾಕನೇದಾಕಿ ಯಾರಿದ್ದಳು?"

"ಹಗ್ಗ ಯಾರು ಹಿಡಿಯೂದು?" ಅಂದೆ.

"ನಾ ಹಿಡೀತೀನಿ ನಾನಿ," ಎಂದು ಗುಲ್ನಾಜ ಹಗ್ಗವನ್ನೂ ಡಬ್ಬಿಗಳನ್ನೂ ನನ್ನ ಕೈಯಿಂದ ತೆಗೆದುಕೊಂಡಳು. ನಾನು ಹದಿನೆಂಟು ಮೆಟ್ಟಿಲು ಇಳಿದೆ. ನೀರು ತಣ್ಣಗಿತ್ತು. ಆವತ್ತು ನಾನು ಅಡ್ಡ ಹಾದದ್ದು ಗುಲ್ನಾಜಳ ಕಾಳಿನ ಲೆಕ್ಕದಲ್ಲಿ ಒಂಬತ್ತು ಸಲ. ನನ್ನ ಲೆಕ್ಕದಲ್ಲಿ ಎಂಟು. ಒಂದು ಸಲ ನಾನು ಬಲಕ್ಕೆ ತಿರುಗಿ ಮೆಟ್ಟಿಲಿಗೇ ಬಂದಿದ್ದೆ, ಅದನ್ನು ಅವಳು ನನ್ನ ಮೇಲಿನ ಪ್ರೀತಿಯಿಂದ ಸೇರಿಸಿದ್ದಾಳೆ.